ವಾಹಕರು ರೋಗಿಗಳಲ್ಲ; ಆದರೂ ಅರಿತಿರಬೇಕು

ಮುಖ ಬಿಳಿಚಿಕೊಂಡು ಬೇಗ ಆಯಾಸವಾದರೆ ‘ರಕ್ತ ಕಡಿಮೆ’ ಎಂದು ಕಬ್ಬಿಣದ ಗುಳಿಗೆ ನುಂಗುವುದು ನಮ್ಮಲ್ಲಿ ರೂಢಿ. ಬಹಳ ಮಂದಿಗೆ ಅದರಿಂದ ಗುಣವೂ ಆಗುತ್ತದೆ. ಆದರೆ ಕೆಲವರಿಗೆ ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರುವುದಿಲ್ಲ. ಅಂಥವರಲ್ಲಿ ಕೆಲವರು ಥಲಸ್ಸೇಮಿಯದ ವಾಹಕರಾಗಿರಬಹುದು.

ವಾಹಕರೆಂದರೆ ಯಾರು? ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ವಸ್ತು ಹಿಮೋಗ್ಲೋಬಿನ್. ಅದರ ಒಂದು ಮುಖ್ಯ ಭಾಗವನ್ನು ತಯಾರಿಸುವ ವಂಶವಾಹಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಎರಡೂ ಕೆಟ್ಟಿದ್ದರೆ ಮಗುವಿಗೆ ಕಠಿಣ ರೋಗ; ಕೆಲವು ವಾರಗಳಿಗೊಮ್ಮೆ ಬೇರೆಯವರ ರಕ್ತ ಕೊಡಿಸುತ್ತಿರಬೇಕು. ಈ ರೋಗವನ್ನು 1925ರಲ್ಲಿ ಅಮೆರಿಕದ ಡಾಕ್ಟರ್ ಥಾಮಸ್ ಕೂಲಿ ವಿವರಿಸಿದರು. ಒಂದು ಮಾತ್ರ ಕೆಟ್ಟಿದ್ದರೆ ಅವರು ವಾಹಕರು. ಭಾರತದಲ್ಲಿ ನೂರಕ್ಕೆ ಸುಮಾರು 3-4 ಮಂದಿ ವಾಹಕರೆಂದು ಅಂದಾಜು. ಸಿಂಧಿ, ಪಂಜಾಬಿ, ಲೋಹಾಣ ಜನರಲ್ಲಿ ಹೆಚ್ಚು. ಆದರೆ ಬೇರೆಯವರಲ್ಲಿ ಇಲ್ಲವೆಂದಲ್ಲ.

ವಾಹಕರು ದುಡಿಯಬಲ್ಲರು, ದೀರ್ಘಕಾಲ ಬಾಳಬಲ್ಲರು. ಇದು ಅಂಟುರೋಗವೂ ಅಲ್ಲ. ಆದರೂ ಮೂರು ವಿಷಯಗಳಲ್ಲಿ ಎಚ್ಚರ ಬೇಕು.

ಮೊದಲನೆಯದು ಗುಳಿಗೆ. ವಾಹಕರ ರಕ್ತ ಕಡಿಮೆ ಇರುವುದು ಕಬ್ಬಿಣದ ಕೊರತೆಯಿಂದಲೇ ಎಂದು ಹೇಳಲಾಗದು. ಬೇಡದ ಕಬ್ಬಿಣವನ್ನು ವರ್ಷಗಟ್ಟಲೆ ಸೇವಿಸಿದರೆ ಅದು ದೇಹದಲ್ಲಿ ಸಂಗ್ರಹವಾಗಿ ಯಕೃತ್ತಿಗೆ ಹಾನಿ ಮಾಡಬಹುದು. ವಾಹಕರಿಗೂ ಕಬ್ಬಿಣದ ಕೊರತೆ ಬರುವುದುಂಟು. ಆದುದರಿಂದ ಪರೀಕ್ಷೆ ಮಾಡಿಸದೆ ತಾವಾಗಿ ನುಂಗುವುದೂ ಬೇಡ, ಡಾಕ್ಟರು ಕೊಟ್ಟದ್ದನ್ನು ತಾವಾಗಿ ಬಿಡುವುದೂ ಬೇಡ.

ಎರಡನೆಯದು ಬಸಿರು. ಆಗ ವಾಹಕ ಸ್ತ್ರೀಯರ ರಕ್ತ ಇನ್ನಷ್ಟು ಇಳಿಯಬಹುದು. ಮೊದಲ ಭೇಟಿಯಲ್ಲಿಯೇ ಡಾಕ್ಟರಿಗೆ ತಿಳಿಸಬೇಕು.

ಮೂರನೆಯದು ಮದುವೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಕಠಿಣ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿತು, ಇನ್ನು ಮೂವರಿಗೆ ಭಯವಿಲ್ಲ ಎಂದು ಲೆಕ್ಕ ಹಾಕಬಾರದು. ಒಬ್ಬರೇ ವಾಹಕರಾದರೆ ಈ ಭಯವಿಲ್ಲ. ಸೋದರಮಾವ, ಅತ್ತೆಯ ಮಗಳು ಎಂದು ನಂಟಿನಲ್ಲಿಯೇ ಕೊಟ್ಟು ತರುವ ನಮ್ಮ ಮನೆಗಳಲ್ಲಿ, ಮನೆತನದಲ್ಲಿ ಈ ದೋಷವಿದ್ದರೆ ಇಬ್ಬರಲ್ಲಿಯೂ ಅದೇ ಇರುವ ಸಂಭವ ಹೆಚ್ಚು. ಸೈಪ್ರಸ್ ದ್ವೀಪದವರು 1970ರ ದಶಕದಿಂದ ವಾಹಕರನ್ನು ಪರೀಕ್ಷಿಸತೊಡಗಿ, ಇಂಥ ಮಕ್ಕಳ ಜನನವನ್ನು ಬಹುಮಟ್ಟಿಗೆ ಇಳಿಸಿದರು.

ತಿಳಿಯುವ ಬಗೆ ಕಷ್ಟವಲ್ಲ. ಸಾಧಾರಣ ರಕ್ತಪರೀಕ್ಷೆಯಲ್ಲಿ ಕೆಂಪುಕಣಗಳ ಗಾತ್ರ ಚಿಕ್ಕದಾಗಿ ಕಂಡರೆ ‘ಹಿಮೋಗ್ಲೋಬಿನ್ ಎ2’ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿರಿ. ಅದು ನೂರಕ್ಕೆ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕರೆಂದು ತಿಳಿಯುತ್ತಾರೆ. ಆ ಕಾಗದವನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ. ಒಡಹುಟ್ಟಿದವರಿಗೂ ಪರೀಕ್ಷಿಸಿಕೊಳ್ಳಲು ಹೇಳಿರಿ. ಜಾತಕ ನೋಡುವ ಮುನ್ನ ಇದನ್ನೊಮ್ಮೆ ನೋಡುವುದು ಹಿತ. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.