ಒಂದೇ ‘ಕರಗು’, ಮೂರು ಸಂಗತಿ

ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಂಬತ್ತನೆಯ ತರಗತಿಗೆ ನಾನು ಮೊದಲ ಸಲ ದ್ರವ್ಯದ ಪಾಠ ಮಾಡುತ್ತಿದ್ದೆ. ಘನಕ್ಕೆ ತನ್ನದೇ ಆಕಾರ ಉಂಟು, ದ್ರವ ಪಾತ್ರೆಯ ಆಕಾರ ತಾಳುತ್ತದೆ, ಅನಿಲ ಇಡೀ ಪಾತ್ರೆ ತುಂಬುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. “ಸರ್, ಹಂಗಾದ್ರ ಜ್ವಾಳಾನೂ ದ್ರವ ಏನ್ರಿ? ಸೇರಿನ್ಯಾಗ ಹಾಕಿದ್ರ ಸೇರಿನಂಗ ಆಗ್ತದ, ಡಬ್ಬ್ಯಾಗ ಹಾಕಿದ್ರ ಡಬ್ಬಿಯಂಗ.”

ಪಾಠ ಮುಗಿಸುವ ಅವಸರದಲ್ಲಿ ಅವಳನ್ನು ಕೂಡಿಸಿಬಿಟ್ಟೆ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಉತ್ತರ ರಾಶಿಯಲ್ಲೇ ಇತ್ತು. ಕಣದಲ್ಲಿ ಸುರಿದ ಜೋಳ ಗೋಪುರದಂತೆ ನಿಲ್ಲುತ್ತದೆ. ನೀರು ನಿಲ್ಲುವುದಿಲ್ಲ, ಹರಿದು ಮಟ್ಟವಾಗುತ್ತದೆ. ಸೇರಿನಲ್ಲಿ ಜಾಗ ಬದಲಿಸಿದ್ದು ಕಾಳುಗಳು, ಒಂದು ಕಾಳೂ ತನ್ನ ಆಕಾರ ಬಿಟ್ಟಿಲ್ಲ. ಮರುದಿನ ಜೋಳ ತರಿಸಿ ಮೇಜಿನ ಮೇಲೆ ಸುರಿಸಿದೆ, ಅವಳೇ ಇದನ್ನೆಲ್ಲ ಬಿಡಿಸಿ ಹೇಳಿದಳು. ಆಮೇಲೆ ಕಣಗಳ ಮಾತು ಸಲೀಸಾಯಿತು. ದ್ರವದ ಕಣಗಳು ಒಂದನ್ನೊಂದು ಬಿಡದೆ ಜಾರುತ್ತವೆ, ಘನದಲ್ಲಿ ಇದ್ದಲ್ಲೇ ಅದುರುತ್ತವೆ, ಅನಿಲದಲ್ಲಿ ಹಿಡಿತ ತಪ್ಪಿ ಚದುರುತ್ತವೆ.

ಅಫಜಲಪುರಕ್ಕೆ ವರ್ಗವಾದಾಗ ಎದುರಾದದ್ದು ನಮ್ಮ ಭಾಷೆಯದೇ ತೊಡಕು. ಐಸ್ ಕರಗಿತು, ಮಳೆಗಾಲದಲ್ಲಿ ಬೆಲ್ಲ ಕರಗಿತು, ಗಾಣಗಾಪುರದ ದತ್ತನ ಪೂಜೆಗೆಂದು ತಂದಿಟ್ಟ ಕರ್ಪೂರ ಪೊಟ್ಟಣದಲ್ಲೇ ಕರಗಿತು: ಮಕ್ಕಳಿಗೆ ಮೂರೂ ಒಂದೇ. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಪೊಟ್ಟಣದಲ್ಲಿಟ್ಟ ಕರ್ಪೂರ ದ್ರವವಾಗುವುದೇ ಇಲ್ಲ, ಘನದಿಂದ ನೇರವಾಗಿ ಆವಿಯಾಗುತ್ತದೆ. ಉತ್ಪತನವೆಂದರೆ ಅದೇ, ಪೊಟ್ಟಣ ಬಿಚ್ಚಿದೊಡನೆ ಮೂಗಿಗೆ ಬಡಿಯುವ ವಾಸನೆಯೇ ಸಾಕ್ಷಿ. ಬೆಲ್ಲದ್ದು ಇನ್ನೊಂದು ಕಥೆ. ಗಾಣದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿನ ನೀರು ಆವಿಯಾಗುತ್ತ ಹೋಗಿ, ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಇಳಿಸಿದರೆ ಆರಿ ಗಟ್ಟಿಯಾಗುತ್ತದೆ. ಮಳೆಗಾಲದ ಗಾಳಿಯಿಂದ ಅದೇ ಬೆಲ್ಲ ನೀರು ಹೀರಿ, ಆ ನೀರಿನಲ್ಲಿ ಸಕ್ಕರೆ ಬೆರೆತು ಜಿನುಗುತ್ತದೆ. ಅಲ್ಲಿ ಕಾಸಿದವರು ಯಾರೂ ಇಲ್ಲ. ಶಾಖದಿಂದ ನಿಜವಾಗಿ ಘನ ದ್ರವವಾದದ್ದು ಐಸ್ ಒಂದೇ.

ಆ ಐಸಿನ ಪಾಠ ಜೇವರ್ಗಿಯ ಬೇಸಿಗೆಯಲ್ಲಿ ಆಯಿತು. ಹೊರಗೆ 42 ಡಿಗ್ರಿ. ಐಸ್ ಚೂರು ಬೆರೆಸಿದ ನೀರನ್ನು ಕಲಕುತ್ತ ಹುಡುಗರು ಥರ್ಮಾಮೀಟರ್ ನೋಡುತ್ತಿದ್ದರು. ಪಾದರಸ ಸೊನ್ನೆಯ ಹತ್ತಿರವೇ ನಿಂತಿತ್ತು. “ಕೆಟ್ಟದರಿ ಇದು” ಎಂದರು. ಕೊನೆಯ ಚೂರು ಮಾಯವಾದ ಮೇಲೆ ಅದು ಏರತೊಡಗಿತು. ಅಷ್ಟು ಹೊತ್ತು ಒಳಗೆ ಹೋದ ಶಾಖ ಎಲ್ಲಿ ಹೋಯಿತು? ಕಣಗಳ ಹಿಡಿತ ಸಡಿಲಿಸುವುದಕ್ಕೆ. ಒಂದು ಗ್ರಾಂ ಐಸ್ ನೀರಾಗಲು 334 ಜೂಲ್ ಬೇಕು. ಅಷ್ಟರಲ್ಲಿ ಅದೇ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಯವರೆಗೆ ಕಾಸಬಹುದು. ಆವಿಯಾಗಲು ಬೇಕಾದದ್ದು ಇದರ ಆರು ಪಟ್ಟಿಗೂ ಹೆಚ್ಚು. ಮಣ್ಣಿನ ಗಡಿಗೆಯ ಮೈಯಿಂದ ಜಿನುಗಿದ ನೀರು ಆ ಶಾಖವನ್ನು ಒಳಗಿನ ನೀರಿನಿಂದ ಕಸಿದುಕೊಂಡು ಹಾರಿಹೋಗುವುದರಿಂದಲೇ ಈ ಸೀಮೆಯ ಒಣ ಬಿಸಿಲಿನಲ್ಲೂ ಗಡಿಗೆ ತಣ್ಣಗಿರುತ್ತದೆ.

ಈಗ ಪಾಠ ಶುರುಮಾಡುವಾಗ ಬೋರ್ಡಿನ ಮೇಲೆ ವ್ಯಾಖ್ಯೆ ಬರೆಯುವುದಿಲ್ಲ. ಮನೆಯಲ್ಲಿ ಈ ವಾರ ಏನೇನು ‘ಕರಗಿತು’ ಎಂದು ಕೇಳುತ್ತೇನೆ. ಹೋದ ಚಳಿಗಾಲದಲ್ಲಿ ಹುಡುಗನೊಬ್ಬ ಕೊಬ್ಬರಿ ಎಣ್ಣೆಯ ಬಾಟಲಿ ತಂದಿದ್ದ. ಪ್ರಾರ್ಥನೆಯ ಹೊತ್ತಿಗೆ ಬೆಳ್ಳಗೆ ಗಟ್ಟಿಯಾಗಿತ್ತು, ಊಟದ ಗಂಟೆಗೆ ತಿಳಿಯಾಗಿ ಹರಿಯುತ್ತಿತ್ತು. ಘನದ ಪಟ್ಟಿಯಲ್ಲಿ ಬರೆಯಲೋ ದ್ರವದ ಪಟ್ಟಿಯಲ್ಲೋ ಎಂದು ಕೇಳಿದ. ಹೆಸರಿನ ಪಕ್ಕ ಗಂಟೆ, ಉಷ್ಣತೆ ಎರಡನ್ನೂ ಬರೆ ಎಂದೆ.