ಹ್ಯಾಂಡಲ್ ಬದಲಿಸುವ ಮುನ್ನ ನಿಮ್ಮ ಕೈ ನೋಡಿ

ಬೈಕ್ ಕೊಳ್ಳುವಾಗ ನಾವೆಲ್ಲ ಕೇಳೋದು ಎಷ್ಟು ಸಿಸಿ, ಮೈಲೇಜ್ ಎಷ್ಟು, ಆನ್‌ರೋಡ್ ಎಷ್ಟಾಗುತ್ತೆ ಅಂತ. ‘ಈ ಹ್ಯಾಂಡಲ್ ನನ್ನ ಮೈಕಟ್ಟಿಗೆ ಹೊಂದುತ್ತಾ?’ ಅಂತ ಕೇಳುವವರು ತೀರಾ ಕಡಿಮೆ. ಶೂಗೆ ನಂಬರ್ ನೋಡ್ತೀವಿ, ಹೆಲ್ಮೆಟ್‌ಗೆ ಸೈಜ್ ನೋಡ್ತೀವಿ. ಆದರೆ ಒಂದು ಮಾಡೆಲ್ ಬೈಕ್ ಐದಡಿ ಎರಡಿಂಚಿನವರಿಗೂ ಆರಡಿಯವರಿಗೂ ಒಂದೇ ಹ್ಯಾಂಡಲ್ ಜೊತೆ ಬರುತ್ತೆ. ಹೊಂದದಿದ್ದರೆ ಮಣಿಕಟ್ಟು ನೋವು, ಬೆರಳು ಜೋಮು, ಸೊಂಟ ಹಿಡಿಯೋದು ಶುರು. ಇದಕ್ಕೆ ಹೊಸ ಹ್ಯಾಂಡಲ್ಲೇ ಬೇಕಾ, ಇರೋದನ್ನೇ ಸರಿಮಾಡ್ಕೋಬಹುದಾ? ನೋಡೋಣ.

ಮೂರು ಬಿಂದುಗಳ ಲೆಕ್ಕ

ಬೈಕ್ ಮೇಲೆ ದೇಹಕ್ಕೆ ಆಧಾರ ಮೂರು ಕಡೆ: ಸೀಟು, ಫುಟ್‌ರೆಸ್ಟ್, ಹ್ಯಾಂಡಲ್. ಈ ಮೂರು ಬಿಂದುಗಳನ್ನು ಸೇರಿಸಿದರೆ ಒಂದು ತ್ರಿಕೋನ. ಅದರ ಆಕಾರವೇ ನೀವು ಹೇಗೆ ಕೂರುತ್ತೀರಿ ಅನ್ನೋದನ್ನು ತೀರ್ಮಾನಿಸುತ್ತೆ.

ಇದಕ್ಕೆ ಒಳ್ಳೆ ಉದಾಹರಣೆ ರಾಯಲ್ ಎನ್‌ಫೀಲ್ಡ್‌ನ ಇಂಟರ್‌ಸೆಪ್ಟರ್ 650 ಮತ್ತು ಕಾಂಟಿನೆಂಟಲ್ ಜಿಟಿ 650. ಎರಡರಲ್ಲೂ ಅದೇ 648 ಸಿಸಿ ಎಂಜಿನ್. ಆದರೆ ಇಂಟರ್‌ಸೆಪ್ಟರ್‌ಗೆ ಎತ್ತರದ ಅಗಲ ಹ್ಯಾಂಡಲ್, ಬೆನ್ನು ನೆಟ್ಟಗಿರುತ್ತೆ. ಜಿಟಿಗೆ ಕ್ಲಿಪ್‌ಆನ್, ಅಂದರೆ ಫೋರ್ಕಿನ ಎರಡು ಕೊಳವೆಗೂ ಬೇರೆ ಬೇರೆಯಾಗಿ ಕಚ್ಚಿಸಿದ ಎರಡು ತುಂಡು ಹ್ಯಾಂಡಲ್. ಫುಟ್‌ರೆಸ್ಟೂ ಸ್ವಲ್ಪ ಹಿಂದೆ. ಎಂಜಿನ್ ಒಂದೇ ಆದರೂ ಸವಾರನ ಸೊಂಟಕ್ಕೆ ಇವು ಎರಡು ಬೇರೆ ಬೈಕುಗಳು!

ಕೈ ಮೇಲೆ ಎಷ್ಟು ಭಾರ?

ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಮಾಡಿದ ಮೊಮೆಂಟ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತೆ. ಸೊಂಟವನ್ನು ಕೀಲು ಅಂದ್ಕೊಳ್ಳಿ. ನೀವು ಮುಂದಕ್ಕೆ ಬಾಗಿದಷ್ಟೂ ಮೇಲ್ಭಾಗದ ಭಾರ ನಿಮ್ಮನ್ನು ಮುಂದಕ್ಕೆ ಬೀಳಿಸಲು ನೋಡುತ್ತೆ. ಆ ಮೊಮೆಂಟ್ ಬಾಗಿದ ಕೋನದ ಸೈನ್‌ಗೆ ಅನುಪಾತದಲ್ಲಿರುತ್ತೆ. 10 ಡಿಗ್ರಿಗೆ ಸೈನ್ 0.17, 30 ಡಿಗ್ರಿಗೆ 0.5. ಅಂದರೆ ಸುಮಾರು ಮೂರು ಪಟ್ಟು. ಇದನ್ನು ತಡೆಯೋದು ಒಂದೋ ಹೊಟ್ಟೆ, ಬೆನ್ನಿನ ಸ್ನಾಯುಗಳು, ಇಲ್ಲವೇ ಅಂಗೈ. ಸ್ನಾಯು ಸುಸ್ತಾದ ಮೇಲೆ ಪೂರ್ತಿ ಅಂಗೈ ಪಾಲು.

ಹಾಗಾದ್ರೆ ಸ್ಪೋರ್ಟ್ಸ್ ಬೈಕಿನವರು ಹೇಗೆ ಓಡಿಸ್ತಾರೆ? ಹೆಚ್ಚು ವೇಗದಲ್ಲಿ ಗಾಳಿ ಎದೆಗೆ ಒತ್ತಿ ಕೈಯ ಭಾರವನ್ನು ಒಂದಿಷ್ಟು ಇಳಿಸುತ್ತೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆ ಗಾಳಿ ಎಲ್ಲಿಂದ ಬರಬೇಕು? ಜೊತೆಗೆ ಪ್ರತಿ ಬ್ರೇಕಿಗೂ ದೇಹ ಮುಂದಕ್ಕೆ ಜಾರುತ್ತೆ. ಹಾಗಾಗಿ ‘ನಾನು ದಿನಾ ಎಲ್ಲಿ ಓಡಿಸ್ತೀನಿ’ ಅನ್ನೋದೂ ಮೈಕಟ್ಟಿನಷ್ಟೇ ಮುಖ್ಯ.

ಅಗಲ ಜಾಸ್ತಿಯಾದರೆ?

ಹ್ಯಾಂಡಲ್ ಒಂದು ಸನ್ನೆಗೋಲು. ತಿರುಗಿಸಲು 20 ನ್ಯೂಟನ್ ಮೀಟರ್ ಟಾರ್ಕ್ ಬೇಕು, ಒಂದೇ ಕೈಯಲ್ಲಿ ತಳ್ಳುತ್ತೀರಿ ಅಂತಿಟ್ಕೊಳ್ಳಿ. 80 ಸೆಂ.ಮೀ. ಅಗಲದ ಹ್ಯಾಂಡಲ್‌ನ ತುದಿಯಲ್ಲಿ 50 ನ್ಯೂಟನ್ ಸಾಕು, 70 ಸೆಂ.ಮೀ. ಆದರೆ 57 ಬೇಕು. ಅಗಲವಾದಷ್ಟೂ ತಿರುಗಿಸೋದು ಹಗುರ. ಆದರೆ ಕೈ ಚಲಿಸಬೇಕಾದ ದೂರ ಹೆಚ್ಚು. ಕೈ ಚಿಕ್ಕದಿದ್ದವರು ಯು-ಟರ್ನ್ ಮಾಡುವಾಗ ಹೊರಗಿನ ಕೈ ಸಾಲದೆ ಸೀಟಿನಿಂದ ಎದ್ದೇಳುವಂತಾಗುತ್ತೆ. ಟ್ರಾಫಿಕ್ ಮಧ್ಯೆ ಅದು ಅಪಾಯ.

ಯಾವ ಬೆರಳು ಜೋಮು ಹಿಡಿಯುತ್ತೆ?

ನನ್ನ ರೂಮ್‌ಮೇಟ್ ದಿನಾ ಬೈಕಲ್ಲಿ ಬರ್ತಾನೆ. ಇಂಟರ್ನಲ್ಸ್ ಸಮಯದಲ್ಲಿ ಪೆನ್ ಹಿಡಿದರೆ ಕಿರುಬೆರಳು ಜುಮ್ ಅಂತ ಒದ್ದಾಡ್ತಿದ್ದ. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಹೋಗೋದು ಅಲ್ನಾರ್ ನರ. ಅಂಗೈಯ ಹೊರ ಅಂಚಿನ ಮೇಲೆ ಭಾರ ಬಿದ್ದರೆ ಅದು ಒತ್ತಿಹೋಗುತ್ತೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮಾದರೆ ಅದು ಮೀಡಿಯನ್ ನರ. ಮಣಿಕಟ್ಟು ಬಹಳ ಹೊತ್ತು ಮಡಚಿಕೊಂಡಿದ್ದರೆ ಹೀಗಾಗುತ್ತೆ. ಎಂಜಿನ್ ನಡುಕ ಎರಡನ್ನೂ ಹೆಚ್ಚಿಸುತ್ತೆ. ಬೈಕಿಂದ ಇಳಿದ ಮೇಲೂ ಜೋಮು ಹೋಗದಿದ್ದರೆ ಮೆಕ್ಯಾನಿಕ್ ಹತ್ರ ಅಲ್ಲ, ಡಾಕ್ಟರ್ ಹತ್ರ ಹೋಗಿ.

ಅಳೆಯೋದು ಹೇಗೆ?

ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಇಲ್ಲದಿದ್ದರೆ ಗೆಳೆಯನೊಬ್ಬ ನೇರವಾಗಿ ಹಿಡಿದುಕೊಳ್ಳಲಿ. ಕಾಲು ಫುಟ್‌ರೆಸ್ಟ್ ಮೇಲಿಟ್ಟು, ಕಣ್ಣು ಮುಚ್ಚಿ, ಭುಜ ಸಡಿಲ ಬಿಟ್ಟು ಕೈ ಚಾಚಿ. ಕೈ ಗ್ರಿಪ್ ಮೇಲೇ ಬಂತಾ? ಬಂದರೆ ಸರಿ. ಮೊಣಕೈ ಪೂರ್ತಿ ನೆಟ್ಟಗಾದರೆ ಹ್ಯಾಂಡಲ್ ದೂರ ಇದೆ ಅಂತರ್ಥ. ಆಗ ಗುಂಡಿಯ ಪೆಟ್ಟು ನೇರ ಭುಜಕ್ಕೆ ಬರುತ್ತೆ. ಎತ್ತರದವರಿಗೆ ಇದರ ಉಲ್ಟಾ: ಬೆನ್ನು ಗೂನಾಗುತ್ತೆ, ತಿರುಗಿಸುವಾಗ ಹ್ಯಾಂಡಲ್ ಮಂಡಿಗೆ ತಾಗುತ್ತೆ.

ಇನ್ನೊಂದು ಪರೀಕ್ಷೆ ಹಾಸ್ಟೆಲ್ ರೂಮಲ್ಲೇ ಮಾಡಿ. ಎರಡೂ ಮುಷ್ಟಿಯಲ್ಲಿ ಒಂದೊಂದು ಪೆನ್ ಹಿಡಿದು, ಅಂಗೈ ಕೆಳಗೆ ಮಾಡಿ, ಕೈ ಮುಂದೆ ಚಾಚಿ. ಎರಡೂ ಪೆನ್ ಒಂದೇ ಗೆರೆಯಲ್ಲಿ ಇರಲ್ಲ. ಹೊರತುದಿಗಳು ನಿಮ್ಮ ಕಡೆ ಬಾಗಿರುತ್ತವೆ. ಹ್ಯಾಂಡಲ್ ತುದಿಗಳು ಸವಾರನ ಕಡೆ ಬಾಗಿರೋದು ಇದಕ್ಕೇ. ಶೋಕಿಗೆ ಪೂರಾ ನೇರವಾದ ಪೈಪ್ ಹಾಕಿದರೆ ಮಣಿಕಟ್ಟು ತಿರುಚಿಕೊಂಡೇ ಇರಬೇಕಾಗುತ್ತೆ.

ಮೊದಲು ಖರ್ಚಿಲ್ಲದ ಕೆಲಸ

1. ಬ್ರೇಕ್, ಕ್ಲಚ್ ಲಿವರ್‌ಗಳ ಕೋನ ಸರಿಮಾಡಿ. ಮುಂಗೈ, ಮಣಿಕಟ್ಟು, ಲಿವರ್ ಮೇಲಿನ ಬೆರಳು ಒಂದೇ ಗೆರೆಯಲ್ಲಿ ಬರಬೇಕು.
2. ಪೈಪ್ ಹ್ಯಾಂಡಲ್ ಆಗಿದ್ದರೆ ಕ್ಲ್ಯಾಂಪ್ ಸಡಿಲಿಸಿ ಸ್ವಲ್ಪವೇ ಹಿಂದಕ್ಕೋ ಮುಂದಕ್ಕೋ ತಿರುಗಿಸಿ. ಬೋಲ್ಟ್‌ಗಳನ್ನು ಮ್ಯಾನುಯಲ್‌ನಲ್ಲಿ ಹೇಳಿದ ಟಾರ್ಕ್‌ಗೇ ಬಿಗಿಮಾಡಿ.
3. ಸಾಲದಿದ್ದರೆ ರೈಸರ್. ಕ್ಲ್ಯಾಂಪಿನ ಕೆಳಗೆ ಕೂರುವ ಈ ತುಂಡು ಹ್ಯಾಂಡಲ್ ಅನ್ನು ಮೇಲೆತ್ತುತ್ತೆ.
4. ಇದ್ಯಾವುದೂ ಆಗದಿದ್ದರೆ ಮಾತ್ರ ಹೊಸ ಹ್ಯಾಂಡಲ್.

ರೂಮ್‌ಮೇಟ್‌ಗೆ ಒಂದು ಮತ್ತು ಎರಡರಲ್ಲೇ ಕೆಲಸ ಮುಗೀತು. ಅವನು ಬೈಕನ್ನೇ ಮಾರೋ ಯೋಚನೆಯಲ್ಲಿದ್ದ!

ಹೊಸದು ಹಾಕುವುದಾದರೆ

ಮೊದಲು ಪೈಪಿನ ವ್ಯಾಸ ನೋಡಿ. ಹೆಚ್ಚಿನ ಬೈಕುಗಳಲ್ಲಿ ಗ್ರಿಪ್ ಇರುವ ಕಡೆ 22 ಮಿ.ಮೀ. ಕ್ಲ್ಯಾಂಪ್ ಇರುವ ಕಡೆ 22 ಇರಬಹುದು, ದಪ್ಪ ಹ್ಯಾಂಡಲ್ ಆದರೆ 28.6. ಆಮೇಲೆ ಎತ್ತರ, ಅಗಲ, ಹಿಂಬಾಗು, ಈ ಮೂರನ್ನೂ ಹಳೆಯದರ ಜೊತೆ ಹೋಲಿಸಿ.

ಹಾಕಿದ ಮೇಲೆ ಎಂಜಿನ್ ಆನ್ ಇಟ್ಟು, ಗೇರ್ ನ್ಯೂಟ್ರಲ್‌ನಲ್ಲಿ, ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ರೇಸ್ ತಾನಾಗೇ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ತಿದೆ ಅಂತರ್ಥ. ಹಾಗೇ ಓಡಿಸಿದರೆ ತಿರುವಿನಲ್ಲಿ ಗಾಡಿ ಮುಂದಕ್ಕೆ ನುಗ್ಗುತ್ತೆ. ಬ್ರೇಕ್ ಹೋಸ್ ಬಿಗಿಯಾಗಬಾರದು, ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಬಾರದು. ಇದೆಲ್ಲ ನೋಡದೆ ರಸ್ತೆಗೆ ಇಳಿಯಲೇಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತೆ. ಆದ್ದರಿಂದ ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನು ಮೊದಲೇ ಕೇಳೋದು ಕ್ಷೇಮ.

ಕೊನೆಗೆ ಒಂದೇ ಮಾತು. ರೀಲ್ಸ್‌ನಲ್ಲಿ ಚೆಂದ ಕಂಡ ಹ್ಯಾಂಡಲ್ ನಿಮ್ಮ ಭುಜಕ್ಕೆ ಚೆಂದ ಆಗಬೇಕು ಅಂತೇನಿಲ್ಲ. ನಾಳೆ ಬೆಳಿಗ್ಗೆ ಕಿಕ್ ಹೊಡೆಯೋಕೆ ಮುಂಚೆ ಒಂದು ನಿಮಿಷ ಕಣ್ಣು ಮುಚ್ಚಿ ಕೂತು ಕೈ ಚಾಚಿ ನೋಡಿ. ಸರಿಯಿಲ್ಲ ಅನ್ನಿಸಿದರೆ ಮೊದಲು ಸ್ಪ್ಯಾನರ್ ತಗೊಳ್ಳಿ, ಪರ್ಸ್ ಆಮೇಲೆ.