ಸುಯೆಜ್ 1956: ರಣರಂಗದಲ್ಲಿ ಗೆಲುವು, ಖಜಾನೆಯಲ್ಲಿ ಸೋಲು

1956ರ ನವೆಂಬರ್ 6ರ ಬೆಳಗಿನ ಜಾವ ಬ್ರಿಟನ್ ಮತ್ತು ಫ್ರಾನ್ಸಿನ ಸೇನೆಗಳು ಸಮುದ್ರಮಾರ್ಗವಾಗಿ ಈಜಿಪ್ಟಿನ ಪೋರ್ಟ್ ಸಯೀದ್ ಬಂದರಿಗೆ ಬಂದಿಳಿದವು. ಪ್ಯಾರಾಚೂಟ್ ಪಡೆಗಳು ಹಿಂದಿನ ದಿನವೇ ಇಳಿದಿದ್ದವು. ಈಜಿಪ್ಟಿನ ವಾಯುಬಲ ಆಗಲೇ ನಾಶವಾಗಿತ್ತು. ಸುಯೆಜ್ ಕಾಲುವೆಯ ಉದ್ದಕ್ಕೂ ದಕ್ಷಿಣಕ್ಕೆ ಸಾಗಲು ಮಿತ್ರಪಡೆಗಳಿಗೆ ಹೇಳಿಕೊಳ್ಳುವಂತಹ ಅಡ್ಡಿ ಇರಲಿಲ್ಲ. ಆದರೂ ಅದೇ ದಿನ ಮಧ್ಯರಾತ್ರಿ ಕದನವಿರಾಮ ಜಾರಿಗೆ ಬಂದಿತು. ಸೇನೆ ನಿಂತದ್ದು ಪೋರ್ಟ್ ಸಯೀದ್‌ನಿಂದ ಸುಮಾರು 37 ಕಿ.ಮೀ. ದೂರದಲ್ಲಿ, ಅಂದರೆ ಕಾಲುವೆಯ ಕಾಲು ಭಾಗವನ್ನೂ ಕ್ರಮಿಸದೆ. ಗೆಲ್ಲುತ್ತಿದ್ದ ಸೇನೆ ಏಕೆ ನಿಂತಿತು ಎಂಬುದಕ್ಕೆ ಉತ್ತರವನ್ನು ಯುದ್ಧಭೂಮಿಯಲ್ಲಿ ಹುಡುಕುವುದಕ್ಕಿಂತ ಬ್ರಿಟಿಷ್ ಖಜಾನೆಯ ಲೆಕ್ಕಪುಸ್ತಕದಲ್ಲಿ ಹುಡುಕುವುದು ಮೇಲು.

ಹಿನ್ನೆಲೆ ಬಹುಮಂದಿಗೆ ತಿಳಿದದ್ದೇ. ಆಸ್ವಾನ್ ಅಣೆಕಟ್ಟಿಗೆ ನೀಡಬೇಕಿದ್ದ ನೆರವನ್ನು ಅಮೆರಿಕವು 1956ರ ಜುಲೈ 19ರಂದು ಹಿಂತೆಗೆದುಕೊಂಡಿತು. ಅದಾದ ಒಂದು ವಾರಕ್ಕೆ, ಜುಲೈ 26ರಂದು, ಅಧ್ಯಕ್ಷ ನಾಸೆರ್ ಕಾಲುವೆಯ ಕಂಪನಿಯನ್ನು ರಾಷ್ಟ್ರೀಕರಣಗೊಳಿಸಿದರು. ಆರ್ಥಿಕ ಅಸ್ತ್ರವನ್ನು ಮೊದಲು ಪ್ರಯೋಗಿಸಿದ್ದು ಬ್ರಿಟನ್ನೇ ಎಂಬುದನ್ನು ಇಲ್ಲಿ ಗಮನಿಸಬೇಕು. ಈಜಿಪ್ಟಿನ ಪೌಂಡ್ ಖಾತೆಗಳನ್ನು ಅದು ಕೂಡಲೇ ಸ್ತಂಭನಗೊಳಿಸಿತು. ಸೆಪ್ಟೆಂಬರಿನಲ್ಲಿ ಹಡಗುಗಳಿಗೆ ದಾರಿ ತೋರುವ ಪಾಶ್ಚಾತ್ಯ ಪೈಲಟ್‌ಗಳು ಕೆಲಸ ಬಿಟ್ಟು ಹೊರಟರು. ಈಜಿಪ್ಟಿನವರಿಂದ ಕಾಲುವೆ ನಡೆಸುವುದು ಆಗದ ಮಾತು ಎಂಬುದು ಲಂಡನ್ನಿನ ಎಣಿಕೆಯಾಗಿತ್ತು. ಎಣಿಕೆ ಸುಳ್ಳಾಯಿತು, ಹಡಗುಗಳ ಸಂಚಾರ ನಿಲ್ಲಲಿಲ್ಲ. ಹತ್ತಿಯನ್ನು ಕೊಳ್ಳಲು, ಶಸ್ತ್ರಗಳನ್ನು ಮಾರಲು ಸೋವಿಯತ್ ಬಣ ಸಿದ್ಧವಿತ್ತು. ಪರ್ಯಾಯ ಗಿರಾಕಿ ಉಳ್ಳವನ ಮೇಲೆ ಹೇರಿದ ಬಹಿಷ್ಕಾರ ಎಷ್ಟರಮಟ್ಟಿಗೆ ನಾಟುತ್ತದೆ ಎಂಬುದನ್ನು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬ್ರಿಟನ್ನಿನ ಸ್ಥಿತಿ ಬೇರೆಯಾಗಿತ್ತು. ಅಢಾವೆ ಪತ್ರಿಕೆಯ ದೃಷ್ಟಿಯಿಂದ ನೋಡಿದರೆ ಅದು ಬಡ ದೇಶವೇನೂ ಅಲ್ಲ. ವಿದೇಶಗಳಲ್ಲಿ ಅದಕ್ಕೆ ಅಪಾರ ಆಸ್ತಿಯಿತ್ತು. ಆದರೆ ಆ ಆಸ್ತಿ ದೀರ್ಘಾವಧಿಯದು. ಹೊಣೆಗಾರಿಕೆಯಾದರೋ ಕೇಳಿದಾಗ ಕೊಡಬೇಕಾದದ್ದು. ಅನೇಕ ದೇಶಗಳು ತಮ್ಮ ಉಳಿತಾಯವನ್ನು ಪೌಂಡಿನಲ್ಲಿ ಲಂಡನ್ನಿನಲ್ಲಿ ಇಟ್ಟಿದ್ದವು. ಈ ಬಾಕಿಗಳ ಮೊತ್ತ ಬ್ರಿಟನ್ನಿನ ಬಳಿಯಿದ್ದ ಚಿನ್ನ ಮತ್ತು ಡಾಲರ್ ಮೀಸಲಿನ ಹಲವು ಪಟ್ಟು ಇತ್ತು. ಪೌಂಡಿನ ಬೆಲೆಯನ್ನು 2.80 ಡಾಲರಿನಲ್ಲಿ ಕಾಯ್ದುಕೊಳ್ಳುವ ಹೊಣೆಯೂ ಇತ್ತು. ಮೀಸಲು 200 ಕೋಟಿ ಡಾಲರಿಗಿಂತ ಕೆಳಗಿಳಿದರೆ ನಂಬಿಕೆ ಕುಸಿದೀತು ಎಂಬುದು ಖಜಾನೆಯ ಅಧಿಕಾರಿಗಳ ಅಂದಾಜು. ಯಂತ್ರೋಪಕರಣಗಳ ಬೆಲೆ ಕೋಟಿಗಟ್ಟಲೆ ಇದ್ದು ಶನಿವಾರದ ಬಟವಾಡೆಗೆ ನಗದಿಲ್ಲದ ಕಾರ್ಖಾನೆಯನ್ನು ಕಂಡವರಿಗೆ ಈ ಚಿತ್ರ ಅಪರಿಚಿತವಲ್ಲ.

ಮೀಸಲು ಸೆಪ್ಟೆಂಬರಿನಲ್ಲಿ 5.7 ಕೋಟಿ, ಅಕ್ಟೋಬರಿನಲ್ಲಿ 8.4 ಕೋಟಿ ಡಾಲರ್ ಕರಗಿತು. ನವೆಂಬರಿನಲ್ಲಿ ಕರಗಿದ್ದು 27.9 ಕೋಟಿ. ಬ್ರಿಟನ್ನಿನ ಹಣಕಾಸು ಸಚಿವ ಹೆರಾಲ್ಡ್ ಮ್ಯಾಕ್‌ಮಿಲನ್ ಆರಂಭದಲ್ಲಿ ಯುದ್ಧದ ಅತ್ಯುತ್ಸಾಹಿ ಬೆಂಬಲಿಗರಾಗಿದ್ದವರು. ನವೆಂಬರ್ 6ರಂದು ನಿಲ್ಲಿಸಲೇಬೇಕೆಂದು ಪಟ್ಟು ಹಿಡಿದವರೂ ಅವರೇ. ಒಂದೇ ವಾರದಲ್ಲಿ 10 ಕೋಟಿ ಪೌಂಡ್ ಕಳೆದುಹೋಗಿದೆಯೆಂದು ಅವರು ಸಹೋದ್ಯೋಗಿಗಳಿಗೆ ಹೇಳಿದರೆಂದು ಇತಿಹಾಸಕಾರರು ಬರೆಯುತ್ತಾರೆ. ನಿಜವಾದ ನಷ್ಟ ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಅದು ಗಾಬರಿಯೋ ಲೆಕ್ಕಾಚಾರವೋ ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ತಪ್ಪು ಅಂಕಿಯೊಂದು ಮಂತ್ರಿಮಂಡಲದ ನಿರ್ಣಯವನ್ನು ಒಂದು ಕಡೆಗೆ ವಾಲಿಸಬಲ್ಲದು ಎಂಬುದಂತೂ ಲೆಕ್ಕಿಗರಿಗೆ ನೆನಪಿರಬೇಕಾದ ಸಂಗತಿ.

ಅಮೆರಿಕವು ಬ್ರಿಟನ್ನಿನ ಮೇಲೆ ಯಾವ ನಿರ್ಬಂಧವನ್ನೂ ಘೋಷಿಸಲಿಲ್ಲ. ನೆರವನ್ನು ತಡೆಹಿಡಿಯಿತು, ಅಷ್ಟೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಬ್ರಿಟನ್ ಹಣ ಪಡೆಯಬೇಕಾದರೆ ಅಮೆರಿಕದ ಸಮ್ಮತಿ ಬೇಕು. ಆ ಸಮ್ಮತಿಗೆ ಮೊದಲು ಕದನವಿರಾಮ, ಅನಂತರ ಸೇನೆಯ ವಾಪಸಾತಿ ಷರತ್ತಾಯಿತು. ಇತ್ತ ತೈಲದ ಹಗ್ಗವೂ ಬಿಗಿಯುತ್ತಿತ್ತು. ಈಜಿಪ್ಟ್ ಹಡಗುಗಳನ್ನು ಮುಳುಗಿಸಿ ಕಾಲುವೆಯನ್ನು ಮುಚ್ಚಿತು. ಇರಾಕಿನ ತೈಲವನ್ನು ಮೆಡಿಟರೇನಿಯನ್ನಿಗೆ ತರುತ್ತಿದ್ದ ಕೊಳವೆ ಮಾರ್ಗದ ಪಂಪಿಂಗ್ ಕೇಂದ್ರಗಳು ಸಿರಿಯಾದಲ್ಲಿ ಸ್ಫೋಟಗೊಂಡವು. ಸೌದಿ ಅರೇಬಿಯಾ ಬ್ರಿಟನ್ ಮತ್ತು ಫ್ರಾನ್ಸಿಗೆ ತೈಲ ನಿರಾಕರಿಸಿತು. ಉಳಿದ ದಾರಿಯೆಂದರೆ ಅಮೆರಿಕ ಖಂಡಗಳ ತೈಲ. ಅದಕ್ಕೆ ತೆರಬೇಕಾದದ್ದು ಡಾಲರ್! ಕೊರತೆಯಿದ್ದದ್ದೂ ಡಾಲರಿನದೇ. ಯುದ್ಧವನ್ನು ನಿಲ್ಲಿಸಿದ್ದು ಸೋವಿಯತ್ ಪ್ರಧಾನಿ ಬುಲ್ಗಾನಿನ್ ನವೆಂಬರ್ 5ರಂದು ಬರೆದ ಬೆದರಿಕೆಯ ಪತ್ರವೆಂದು ಹೇಳುವವರೂ ಇದ್ದಾರೆ. ಹಂಗೆರಿಯಲ್ಲಿ ಕೈತುಂಬ ಕೆಲಸವಿದ್ದ ಮಾಸ್ಕೋದ ಗುಡುಗಿಗಿಂತ ವಾಷಿಂಗ್ಟನ್ನಿನ ಮೌನವೇ ಹೆಚ್ಚು ಭಾರವಾಗಿತ್ತು ಎಂದು ಹೇಳುವುದು ಸತ್ಯಕ್ಕೆ ಹತ್ತಿರ.

ಫ್ರಾನ್ಸಿನ ನಡೆ ಕುತೂಹಲಕರ. ಯುದ್ಧಕ್ಕೆ ಮೊದಲೇ, ಅಕ್ಟೋಬರಿನಲ್ಲಿ, ಅದು ಹಣಕಾಸು ನಿಧಿಯಿಂದ 26.25 ಕೋಟಿ ಡಾಲರಿನ ಸಾಲಮಿತಿಯನ್ನು ಮಂಜೂರು ಮಾಡಿಸಿಕೊಂಡಿತ್ತು. ಆದುದರಿಂದ ಕದನವಿರಾಮಕ್ಕೆ ಅದು ಆತುರಪಡಲಿಲ್ಲ. ಜೊತೆಗಾರ ಹಿಂಜರಿದುದರಿಂದ ನಿಲ್ಲಬೇಕಾಯಿತು. ಬ್ರಿಟನ್ ಮಾತ್ರ ಅಗತ್ಯ ಬಿದ್ದ ಮೇಲೆ ಅರ್ಜಿ ಹಿಡಿದು ಹೊರಟಿತು. ನವೆಂಬರ್ ಅಂತ್ಯಕ್ಕೆ ಅದರ ಮೀಸಲು 196.5 ಕೋಟಿ ಡಾಲರಿಗೆ ಇಳಿದಿತ್ತು. ಡಿಸೆಂಬರ್ 3ರಂದು ಸೇನೆಯ ವಾಪಸಾತಿಯನ್ನು ಸಂಸತ್ತಿನಲ್ಲಿ ಪ್ರಕಟಿಸಲಾಯಿತು. ಡಿಸೆಂಬರ್ 10ರಂದು ನಿಧಿಯು 56 ಕೋಟಿ ಡಾಲರ್ ನಗದನ್ನೂ ಸುಮಾರು 74 ಕೋಟಿಯ ಮೀಸಲು ಮಿತಿಯನ್ನೂ ಮಂಜೂರು ಮಾಡಿತು. ದಿನಾಂಕಗಳ ಈ ಕ್ರಮಕ್ಕೆ ವ್ಯಾಖ್ಯಾನ ಬೇಕಿಲ್ಲ. ಪ್ರಧಾನಿ ಈಡನ್ 1957ರ ಜನವರಿಯಲ್ಲಿ ರಾಜೀನಾಮೆ ನೀಡಿದರು. ಆ ಸ್ಥಾನಕ್ಕೆ ಮ್ಯಾಕ್‌ಮಿಲನ್ ಬಂದರು.

ಇದೇ ಕಾಲುವೆಗೆ ಸಂಬಂಧಿಸಿದ ಇನ್ನೊಂದು ಪ್ರಸಂಗವನ್ನು ಪಕ್ಕದಲ್ಲಿಟ್ಟು ನೋಡಬಹುದು. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿದಾಗ ರಾಷ್ಟ್ರಸಂಘವು ನವೆಂಬರ್ 18ರಿಂದ ನಿರ್ಬಂಧಗಳನ್ನು ವಿಧಿಸಿತು. ಪಟ್ಟಿ ಉದ್ದವಾಗಿತ್ತು; ತೈಲ ಮತ್ತು ಕಲ್ಲಿದ್ದಲು ಮಾತ್ರ ಅದರಲ್ಲಿರಲಿಲ್ಲ. ಇಟಲಿಯ ಸೈನಿಕರು ಸುಂಕ ಕಟ್ಟಿ ಇದೇ ಸುಯೆಜ್ ಮೂಲಕ ಹಾದುಹೋದರು. 1936ರ ಮೇ ತಿಂಗಳಲ್ಲಿ ಅಡಿಸ್ ಅಬಾಬಾ ಅವರ ವಶವಾಯಿತು. ಜುಲೈನಲ್ಲಿ ನಿರ್ಬಂಧಗಳೂ ರದ್ದಾದವು. ಐವತ್ತಕ್ಕೂ ಹೆಚ್ಚು ರಾಷ್ಟ್ರಗಳ ಘೋಷಿತ ನಿರ್ಬಂಧದಿಂದ ಆಗದ ಕೆಲಸ 1956ರಲ್ಲಿ ಸಾಲ ಕೊಡಬಲ್ಲ ಒಂದೇ ದೇಶದ ನಿರಾಕರಣೆಯಿಂದ ಆಯಿತು.

ಭಾರತಕ್ಕೂ ಈ ಪ್ರಕರಣದಲ್ಲಿ ಪಾಲಿತ್ತು. ನವದೆಹಲಿ ದಾಳಿಯನ್ನು ಬಲವಾಗಿ ಖಂಡಿಸಿತು. ವಿಶ್ವಸಂಸ್ಥೆಯ ಶಾಂತಿಪಡೆಗೆ ಸೈನಿಕರನ್ನೂ ಕಳುಹಿಸಿತು. ಆದರೆ ರೂಪಾಯಿಯ ಬೆಲೆ ಆಗ ಪೌಂಡಿಗೆ ಕಟ್ಟುಬಿದ್ದಿತ್ತು: ಒಂದು ರೂಪಾಯಿಗೆ 1 ಶಿಲ್ಲಿಂಗ್ 6 ಪೆನ್ಸ್. ಲಂಡನ್ನಿನಲ್ಲಿದ್ದ ಉಳಿತಾಯದಲ್ಲಿ ಭಾರತದ್ದೂ ಸೇರಿತ್ತು. ಪೌಂಡು ಬಿದ್ದಿದ್ದರೆ ಖಂಡಿಸಿದವರ ತಿಜೋರಿಗೂ ಪೆಟ್ಟು ಬೀಳುತ್ತಿತ್ತು. ಯುರೋಪಿಗೆ ಹೊರಟ ಸರಕು ತಿಂಗಳುಗಟ್ಟಲೆ ಆಫ್ರಿಕಾವನ್ನು ಸುತ್ತಿ ಹೋಗಬೇಕಾಯಿತು.

ಕಾಲುವೆ 1957ರ ಏಪ್ರಿಲಿನಲ್ಲಿ ಸಂಚಾರಕ್ಕೆ ಪೂರ್ಣ ತೆರವಾಯಿತು. ಸುಂಕ ಈಜಿಪ್ಟಿನ ಪ್ರಾಧಿಕಾರಕ್ಕೆ ಸಂದಾಯವಾಗತೊಡಗಿತು. ಹಳೆಯ ಕಂಪನಿಯ ಷೇರುದಾರರಿಗೆ 2.83 ಕೋಟಿ ಈಜಿಪ್ಟಿಯನ್ ಪೌಂಡ್ ಪರಿಹಾರ ಕೊಡಲು 1958ರಲ್ಲಿ ಒಪ್ಪಂದವಾಯಿತು. ನಾಸೆರ್ ಸರ್ಕಾರ ಕಂತುಗಳಲ್ಲಿ ಅದನ್ನು ಪಾವತಿಸಿ, 1963ರ ಜನವರಿಯಲ್ಲಿ ಖಾತೆಯನ್ನು ಚುಕ್ತಾ ಮಾಡಿತು.